ಎಣಿಕೆಗೆ ಮುನ್ನವೇ ಗೆದ್ದವರು

ಕೂಸು ಹುಟ್ಟುವ ಮುನ್ನವೇ ಕುಲಾವಿ ಹೊಲಿಸಿದರು ಎಂಬ ಗಾದೆ ಚುನಾವಣೆಯ ಹೊತ್ತಿನಲ್ಲಿ ಬಳಕೆಯಾಗುವಷ್ಟು ಬೇರೆ ಕಾಲದಲ್ಲಿ ಆಗುವುದಿಲ್ಲ. ‘ನಾವು ಗೆದ್ದೇ ಗೆಲ್ಲುತ್ತೇವೆ’ ಎಂದು ಒಂದು ಪಕ್ಷದ ನಾಯಕರು ಸಾರಿದಾಗ ಅದು ಆತ್ಮವಿಶ್ವಾಸವೋ, ಅತಿ ವಿಶ್ವಾಸವೋ ಎಂದು ಮನೆಮನೆಗಳಲ್ಲಿ ಚರ್ಚೆ ನಡೆಯುತ್ತದೆ. ಹಾಗೆ ನೋಡಿದರೆ, ‘ನಾವು ಸೋಲುತ್ತೇವೆ, ಆದರೂ ಮತ ಕೊಡಿ’ ಎಂದು ಕೇಳಿಕೊಂಡು ಬರುವ ಪಕ್ಷ ಯಾವ ದೇಶದಲ್ಲೂ ಇಲ್ಲ. ಠೇವಣಿ ಕಳೆದುಕೊಳ್ಳಲಿರುವ ಅಭ್ಯರ್ಥಿಯೂ ಎಣಿಕೆಯ ಹಿಂದಿನ ದಿನ ಹಾರ ತುರಾಯಿಗಳ ಮಾತನ್ನೇ ಆಡುತ್ತಾನೆ. ಆದ್ದರಿಂದ ಭಾಷಣ ಕೇಳಿ ಇದನ್ನು ಅಳೆಯಲು ಬರುವುದಿಲ್ಲ. ಪಕ್ಷ ಯಾರ ಮಾತಿಗೆ ಕಿವಿಗೊಟ್ಟಿತು, ಯಾರನ್ನು ಕೈಬಿಟ್ಟಿತು, ಯಾವ ಲೆಕ್ಕವನ್ನು ನಂಬಿತು ಎಂಬುದನ್ನು ನೋಡಬೇಕಾಗುತ್ತದೆ.

ಹೀಗೆ ನೋಡಲು 2004ನೇ ಇಸವಿಯ ಚುನಾವಣೆಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಆ ವರ್ಷ ದೆಹಲಿ, ಹೈದರಾಬಾದ್ ಮತ್ತು ಬೆಂಗಳೂರಿನಲ್ಲಿದ್ದ ಮೂರು ಸರ್ಕಾರಗಳು ತಮ್ಮ ಅವಧಿ ಮುಗಿಯುವ ಮುನ್ನವೇ, ಯಾರೂ ಬಲವಂತ ಮಾಡದಿದ್ದರೂ, ತಾವಾಗಿಯೇ ಜನರ ಮುಂದೆ ಹೋದವು. ಒಂದು ಭಾರತೀಯ ಜನತಾ ಪಕ್ಷದ ನೇತೃತ್ವದ ಸರ್ಕಾರ, ಇನ್ನೊಂದು ತೆಲುಗು ದೇಶಂ, ಮತ್ತೊಂದು ಕಾಂಗ್ರೆಸ್. ಮೂರು ಪಕ್ಷಗಳ ತತ್ವ ಬೇರೆ, ನಾಯಕರ ಸ್ವಭಾವ ಬೇರೆ. ಮೂರಕ್ಕೂ ಬಹುಮತ ಸಿಗಲಿಲ್ಲ. ಆ ವರ್ಷ ಹುಟ್ಟಿದ ಮಕ್ಕಳು ಈಗ ತಾವೇ ಮತದಾರರು. ಅವರಿಗೆ ಇದು ಪಠ್ಯಪುಸ್ತಕಕ್ಕೆ ಇನ್ನೂ ಪೂರ್ತಿಯಾಗಿ ಸೇರದ ಇತಿಹಾಸ. ಅಪ್ಪ ಅಮ್ಮಂದಿರಿಗೆ ಮಾತ್ರ ನಿನ್ನೆ ಮೊನ್ನೆಯ ನೆನಪು.

ಸೆಮಿಫೈನಲ್ ಗೆದ್ದ ಸಂಭ್ರಮ

ಮೊದಲು ದೆಹಲಿಯ ಕಥೆ. 2003ರ ಡಿಸೆಂಬರ್‌ನಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ಛತ್ತೀಸಗಡ ವಿಧಾನಸಭೆಗಳ ಫಲಿತಾಂಶ ಬಂತು. ಮಧ್ಯಪ್ರದೇಶದ 230 ಸ್ಥಾನಗಳಲ್ಲಿ 173, ರಾಜಸ್ಥಾನದ 200ರಲ್ಲಿ 120, ಛತ್ತೀಸಗಡದ 90ರಲ್ಲಿ 50 ಬಿಜೆಪಿಗೆ ದಕ್ಕಿದವು. ಮೂರೂ ರಾಜ್ಯಗಳನ್ನು ಕಾಂಗ್ರೆಸ್ ಕೈಯಿಂದ ಕಸಿದುಕೊಂಡಿದ್ದು ಸಣ್ಣ ಮಾತಲ್ಲ. ಪತ್ರಿಕೆಗಳು ಇದನ್ನು ‘ಸೆಮಿಫೈನಲ್’ ಎಂದು ಕರೆದವು. ಸೆಮಿಫೈನಲ್ ಗೆದ್ದವರಿಗೆ ಫೈನಲ್ ಬೇಗ ಆಡಿಬಿಡೋಣ ಎನಿಸುವುದು ಸಹಜವೇ.

ಇತರ ಲಕ್ಷಣಗಳೂ ಚೆನ್ನಾಗಿಯೇ ಇದ್ದವು. 2002ರ ಭೀಕರ ಬರದ ನಂತರ 2003ರಲ್ಲಿ ದೇಶದ ಬಹುಭಾಗದಲ್ಲಿ ಮುಂಗಾರು ಕೈಹಿಡಿದಿತ್ತು. ಆರ್ಥಿಕ ಬೆಳವಣಿಗೆ ದರ ಶೇ 8ರ ಆಸುಪಾಸಿಗೆ ಏರಿತ್ತು. ವಿದೇಶಿ ವಿನಿಮಯ ಸಂಗ್ರಹ ಹತ್ತು ಸಾವಿರ ಕೋಟಿ ಡಾಲರ್ ದಾಟಿತ್ತು. ಸುವರ್ಣ ಚತುಷ್ಪಥ ಹೆದ್ದಾರಿಯ ಕೆಲಸ ಕಣ್ಣಿಗೆ ಕಾಣುತ್ತಿತ್ತು. 2004ರ ಜನವರಿಯಲ್ಲಿ ಪ್ರಧಾನಿ ವಾಜಪೇಯಿ ಇಸ್ಲಾಮಾಬಾದಿಗೆ ಹೋಗಿ ಬಂದಿದ್ದರು. ಅವರ ಜನಪ್ರಿಯತೆಯ ಬಗ್ಗೆ ವಿರೋಧಿಗಳಿಗೂ ಅನುಮಾನವಿರಲಿಲ್ಲ. ಅಕ್ಟೋಬರ್‌ವರೆಗೆ ಅವಧಿಯಿದ್ದ ಲೋಕಸಭೆಯನ್ನು ಫೆಬ್ರುವರಿ 6ರಂದು ವಿಸರ್ಜಿಸಲಾಯಿತು.

ಇದೇ ಹೊತ್ತಿಗೆ ಪತ್ರಿಕೆ ಮತ್ತು ಟಿ.ವಿ.ಗಳಲ್ಲಿ ‘ಇಂಡಿಯಾ ಶೈನಿಂಗ್’ ಜಾಹೀರಾತುಗಳು ತುಂಬಿಹೋದವು. ‘ಫೀಲ್ ಗುಡ್’ ಎಂಬ ಮಾತು ಎಲ್ಲರ ಬಾಯಲ್ಲೂ ನಲಿಯಿತು. ವಾಜಪೇಯಿಯವರ ಧ್ವನಿಮುದ್ರಿತ ಸಂದೇಶ ಜನರ ಫೋನುಗಳಿಗೇ ಬರತೊಡಗಿತು. ಆಗಿನ ಮಟ್ಟಿಗೆ ಇದು ಹೊಸ ತಂತ್ರ. ಆದರೆ 67 ಕೋಟಿ ಮತದಾರರಿದ್ದ ದೇಶದಲ್ಲಿ ಆಗ ಮೊಬೈಲ್ ಫೋನು ಇದ್ದವರು ನಾಲ್ಕು ಕೋಟಿಯನ್ನೂ ದಾಟಿರಲಿಲ್ಲ. ಜಾಹೀರಾತು ಬರೆದವರಿಗೆ, ಅದನ್ನು ಮೆಚ್ಚಿದವರಿಗೆ, ಮೆಚ್ಚಿದವರ ಅಭಿಪ್ರಾಯವನ್ನು ಸುದ್ದಿ ಮಾಡಿದವರಿಗೆ ಭಾರತ ನಿಜವಾಗಿಯೂ ಹೊಳೆಯುತ್ತಿತ್ತು. ಅವರು ಸುಳ್ಳು ಹೇಳಿದರು ಎನ್ನುವಂತಿಲ್ಲ. ತಮ್ಮ ಕಿಟಕಿಯಿಂದ ಕಂಡದ್ದನ್ನು ಹೇಳಿದರು, ಅಷ್ಟೇ.

ಮತದಾನಕ್ಕೆ ಮುಂಚಿನ ಸಮೀಕ್ಷೆಗಳು ಎನ್‌ಡಿಎಗೆ ಸ್ಪಷ್ಟ ಬಹುಮತವೆಂದವು. ಏಪ್ರಿಲ್ 20ರಿಂದ ಮೇ 10ರವರೆಗೆ ನಾಲ್ಕು ಹಂತಗಳಲ್ಲಿ ಮತದಾನ ನಡೆಯಿತು. ಒಂದೊಂದು ಹಂತ ಮುಗಿದಂತೆ ಮತಗಟ್ಟೆ ಸಮೀಕ್ಷೆಗಳ ಅಂಕಿ ಇಳಿಯುತ್ತ ಬಂತಾದರೂ, ಕೊನೆಯಲ್ಲಿಯೂ ಅವು ಹೇಳಿದ್ದು 230ರಿಂದ 275 ಸ್ಥಾನಗಳ ಲೆಕ್ಕವನ್ನೇ. ಮೇ 13ರಂದು ಎಣಿಕೆಯಾದಾಗ ಬಿಜೆಪಿ 138ಕ್ಕೆ ನಿಂತಿತು. ಕಾಂಗ್ರೆಸ್ 145. ಎನ್‌ಡಿಎ ಇನ್ನೂರನ್ನೂ ಮುಟ್ಟಲಿಲ್ಲ. ಅಂದೇ ವಾಜಪೇಯಿ ರಾಜೀನಾಮೆ ಕೊಟ್ಟರು.

ತಪ್ಪಿದ್ದು ಎಲ್ಲಿ?

ಸೋತ ಮೇಲೆ ಎಲ್ಲರೂ ಜಾಣರೇ. ‘ಹೊಳೆಯುವ ಭಾರತ’ ಎಂಬ ಘೋಷಣೆಯೇ ಮುಳುವಾಯಿತು, ಹಳ್ಳಿಗರು ಸಿಟ್ಟಾದರು ಎಂದು ಎಲ್ಲರೂ ಬರೆದರು. ಪಕ್ಷದ ಹಿರಿಯರೂ ಆ ಘೋಷಣೆ ಸರಿಯಿರಲಿಲ್ಲ ಎಂದು ಒಪ್ಪಿಕೊಂಡರು. ಇದರಲ್ಲಿ ನಿಜವಿದೆ, ಆದರೆ ಪೂರ್ತಿ ನಿಜವಿಲ್ಲ. ಏಕೆಂದರೆ ವಿಶ್ವಾಸ ಹುಟ್ಟಿಸಿದ ಆ ಮೂರು ರಾಜ್ಯಗಳು ಮಾತಿಗೆ ತಪ್ಪಲಿಲ್ಲ. ಮಧ್ಯಪ್ರದೇಶದ 29ರಲ್ಲಿ 25, ರಾಜಸ್ಥಾನದ 25ರಲ್ಲಿ 21, ಛತ್ತೀಸಗಡದ 11ರಲ್ಲಿ 10 ಲೋಕಸಭಾ ಸ್ಥಾನಗಳನ್ನು ಬಿಜೆಪಿಗೇ ಕೊಟ್ಟವು. ಒಟ್ಟು 65ರಲ್ಲಿ 56! ಅಂದರೆ ಡಿಸೆಂಬರ್‌ನಲ್ಲಿ ಸಿಕ್ಕ ಸೂಚನೆ ಸುಳ್ಳಾಗಿರಲಿಲ್ಲ. ಅದು ಆ ಮೂರು ರಾಜ್ಯಗಳ ಬಗ್ಗೆ ಮಾತ್ರ ನಿಜವಾಗಿತ್ತು. ಲೋಕಸಭೆಯಲ್ಲಿ ಇನ್ನೂ 478 ಸ್ಥಾನಗಳಿದ್ದವು.

ಎಸ್ಸೆಸ್ಸೆಲ್ಸಿ ಓದುವ ಮಕ್ಕಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಚೆನ್ನಾಗಿ ಓದಿದ್ದ ಮೂರು ಪಾಠಗಳಿಂದಲೇ ಪ್ರಶ್ನೆ ಬಂದು ತೊಂಬತ್ತು ಅಂಕ ಸಿಕ್ಕಿದರೆ, ಆ ತೊಂಬತ್ತು ಸುಳ್ಳಲ್ಲ. ಆದರೆ ಉಳಿದ ಪಾಠಗಳ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಉಳಿದ ಪಾಠಗಳಲ್ಲಿ ಏನಾಗಿತ್ತು ನೋಡಿ. 1999ರಲ್ಲಿ ತಮಿಳುನಾಡಿನ 39 ಸ್ಥಾನಗಳಲ್ಲಿ 26ನ್ನು ಎನ್‌ಡಿಎ ಗೆದ್ದಿತ್ತು. ಅದಕ್ಕೆ ಕಾರಣ ಡಿಎಂಕೆ ಮತ್ತದರ ಜೊತೆಗಾರ ಪಕ್ಷಗಳು. ಅದೇ ಡಿಎಂಕೆ 2003ರ ಡಿಸೆಂಬರ್‌ನಲ್ಲಿ, ಅಂದರೆ ಸೆಮಿಫೈನಲ್ ಸಂಭ್ರಮದ ತಿಂಗಳಲ್ಲಿಯೇ, ವಾಜಪೇಯಿ ಸರ್ಕಾರದಿಂದ ತನ್ನ ಸಚಿವರನ್ನು ಹೊರಗೆ ಕರೆಸಿಕೊಂಡಿತು. ವೈಕೋ ಅವರ ಎಂಡಿಎಂಕೆಯೂ ಹೊರಟುಹೋಯಿತು. ಮಿತ್ರಪಕ್ಷದ ನಾಯಕರಾದ ವೈಕೋ ಅವರನ್ನು ಜಯಲಲಿತಾ ಸರ್ಕಾರ ಪೋಟಾ ಕಾಯ್ದೆಯಡಿ 2002ರಿಂದ ಜೈಲಿನಲ್ಲಿಟ್ಟಿತ್ತು. ಆ ಕಾಯ್ದೆಯಾದರೋ ಕೇಂದ್ರವೇ ಮಾಡಿದ್ದು. ಹೋದವರನ್ನು ಒಲಿಸಿಕೊಳ್ಳುವ ಬದಲು ಬಿಜೆಪಿ ಜಯಲಲಿತಾ ಅವರ ಪಕ್ಷದೊಡನೆಯೇ ಕೈಜೋಡಿಸಿತು. 1999ರಲ್ಲಿ ಬೆಂಬಲ ಹಿಂತೆಗೆದುಕೊಂಡು ವಾಜಪೇಯಿ ಸರ್ಕಾರ ಒಂದೇ ಒಂದು ಮತದಿಂದ ಉರುಳಲು ಕಾರಣವಾಗಿದ್ದ ಪಕ್ಷವೂ ಅದೇ ಎಂಬುದು ನೆನಪಿರಲಿ. 2004ರಲ್ಲಿ ತಮಿಳುನಾಡಿನ 39ಕ್ಕೆ 39ನ್ನೂ ಡಿಎಂಕೆ–ಕಾಂಗ್ರೆಸ್ ಕೂಟ ಬಾಚಿಕೊಂಡಿತು.

ಆಂಧ್ರಪ್ರದೇಶದಲ್ಲಿ 1999ರಲ್ಲಿ ತೆಲುಗು ದೇಶಂ 29, ಬಿಜೆಪಿ 7, ಒಟ್ಟು 36 ಸ್ಥಾನ. 2004ರಲ್ಲಿ ಉಳಿದದ್ದು ತೆಲುಗು ದೇಶಂನ 5 ಮಾತ್ರ. ಈ ಎರಡೇ ರಾಜ್ಯಗಳಲ್ಲಿ 62 ಇದ್ದದ್ದು 5ಕ್ಕೆ ಇಳಿಯಿತು. ಉತ್ತರಪ್ರದೇಶದಲ್ಲಿ ಬಿಜೆಪಿ 29ರಿಂದ 10ಕ್ಕೆ ಕುಸಿದದ್ದು ಬೇರೆ. ಗೆದ್ದ ಕಾಂಗ್ರೆಸ್ಸಿನ ಮತ ಪ್ರಮಾಣವೇನೂ ಹೆಚ್ಚಿರಲಿಲ್ಲ. 1999ರಲ್ಲಿ ಶೇ 28.3 ಮತ ಪಡೆದು 114 ಸ್ಥಾನ ಗಳಿಸಿದ್ದ ಆ ಪಕ್ಷ, 2004ರಲ್ಲಿ ಶೇ 26.5 ಮತ ಪಡೆದು 145 ಸ್ಥಾನ ಗಳಿಸಿತು. ಮತ ಕಡಿಮೆ, ಸ್ಥಾನ ಜಾಸ್ತಿ! ಹೆಚ್ಚು ಕಡೆ ಮಿತ್ರಪಕ್ಷಗಳಿಗೆ ಜಾಗ ಬಿಟ್ಟುಕೊಟ್ಟು, ಕಡಿಮೆ ಕ್ಷೇತ್ರಗಳಲ್ಲಿ ನಿಂತು ಗೆದ್ದದ್ದರ ಫಲ ಇದು.

ಕಾಂಗ್ರೆಸ್ಸಿಗೆ ಈ ಬುದ್ಧಿ ಬಂದದ್ದು ಹೇಗೆ ಎಂಬುದೂ ಸ್ವಾರಸ್ಯವಾಗಿದೆ. 1998ರಲ್ಲಿ ಪಚ್‌ಮಡಿಯಲ್ಲಿ ಸೇರಿದ್ದಾಗ ಆ ಪಕ್ಷವೂ ತಾನೊಬ್ಬನೇ ದೇಶ ಆಳಬಲ್ಲೆ ಎಂಬ ಹಮ್ಮಿನಲ್ಲಿಯೇ ಇತ್ತು. 1999ರ ಸೋಲಿನ ನಂತರ, 2003ರ ಜುಲೈನಲ್ಲಿ ಶಿಮ್ಲಾದಲ್ಲಿ, ಮೈತ್ರಿಗೆ ಸಿದ್ಧ ಎಂದು ಒಪ್ಪಿಕೊಂಡಿತು. ಡಿಸೆಂಬರ್‌ನಲ್ಲಿ ಮೂರು ರಾಜ್ಯಗಳು ಕೈತಪ್ಪಿದ ಮೇಲೆ ಉಳಿದಿದ್ದ ಬಿಗುಮಾನವೂ ಕರಗಿರಬೇಕು. 2004ರ ಜನವರಿಯಲ್ಲಿ ಸೋನಿಯಾ ಗಾಂಧಿ ತಮ್ಮ ಜನಪಥದ ಮನೆಯಿಂದ ಹೊರಟು, ಪಕ್ಕದಲ್ಲಿಯೇ ಇದ್ದ ರಾಮವಿಲಾಸ್ ಪಾಸ್ವಾನರ ಮನೆಗೆ ನಡೆದುಕೊಂಡೇ ಹೋದರು. ಕೆಲವೇ ಹೆಜ್ಜೆಗಳ ದಾರಿ ಅದು. ಆದರೆ ಆ ವರ್ಷದ ಯಾವ ರಥಯಾತ್ರೆಗಿಂತಲೂ ಅದು ದೊಡ್ಡ ಪ್ರಯಾಣವಾಗಿತ್ತು ಎಂದರೆ ತಪ್ಪಾಗಲಾರದು. ಡಿಸೆಂಬರ್ ಫಲಿತಾಂಶ ಗೆದ್ದವರಿಗೆ ನೆಂಟರ ಅಗತ್ಯವನ್ನು ಮರೆಸಿತು, ಸೋತವರಿಗೆ ನೆನಪಿಸಿತು.

ನೆರೆಯ ಎರಡು ರಾಜಧಾನಿಗಳು

ಹೈದರಾಬಾದಿನಲ್ಲಿ ಚಂದ್ರಬಾಬು ನಾಯ್ಡು 1995ರಿಂದ ಮುಖ್ಯಮಂತ್ರಿ. ರಾಜ್ಯವನ್ನು ಕಂಪೆನಿಯಂತೆ ನಡೆಸುವ ‘ಸಿಇಒ’ ಎಂದು ದೇಶವಿದೇಶಗಳ ಪತ್ರಿಕೆಗಳು ಅವರನ್ನು ಹೊಗಳಿದ್ದವು. ಅಮೆರಿಕದ ಅಧ್ಯಕ್ಷ ಕ್ಲಿಂಟನ್ 2000ದಲ್ಲಿ ಹೈದರಾಬಾದಿಗೇ ಬಂದುಹೋಗಿದ್ದರು. 2003ರ ಅಕ್ಟೋಬರ್ 1ರಂದು ತಿರುಪತಿಯ ಅಲಿಪಿರಿ ಬಳಿ ನಕ್ಸಲರು ನೆಲಬಾಂಬ್ ಸಿಡಿಸಿದಾಗ ನಾಯ್ಡು ಪ್ರಾಣಾಪಾಯದಿಂದ ಪಾರಾದರು. ಮುಂದಿನ ತಿಂಗಳು ವಿಧಾನಸಭೆ ವಿಸರ್ಜನೆಯಾಯಿತು. ಅನುಕಂಪ ಆರುವ ಮುನ್ನ ಚುನಾವಣೆ ಎಂಬ ಲೆಕ್ಕವಿದ್ದರೆ ಅದು ಕೈಗೂಡಲಿಲ್ಲ. ಚುನಾವಣಾ ಆಯೋಗ ಅವಸರ ಮಾಡಲಿಲ್ಲ. ಮತದಾನ ಏಪ್ರಿಲ್‌ಗೆ, ಲೋಕಸಭೆಯ ಜೊತೆಗೇ ಬಂತು.

ಅಷ್ಟರಲ್ಲಿ ಇನ್ನೊಂದು ಕಥೆ ನಡೆದುಹೋಗಿತ್ತು. ಅದೇ 2003ರ ಏಪ್ರಿಲ್‌ನಿಂದ ಜೂನ್‌ವರೆಗೆ, ಆಂಧ್ರದ ಸುಡುಬಿಸಿಲಿನಲ್ಲಿ, ವೈ.ಎಸ್. ರಾಜಶೇಖರ ರೆಡ್ಡಿ ಚೇವೆಳ್ಳದಿಂದ ಇಚ್ಛಾಪುರದವರೆಗೆ ಸುಮಾರು 1,500 ಕಿಲೋಮೀಟರ್ ನಡೆದಿದ್ದರು. ಬರ, ಸಾಲ, ಬತ್ತಿದ ಕೊಳವೆಬಾವಿ, ರೈತರ ಆತ್ಮಹತ್ಯೆ. ದಾರಿಯುದ್ದಕ್ಕೂ ಕಿವಿಗೆ ಬಿದ್ದದ್ದು ಇದೇ. ಕೃಷಿಗೆ ಉಚಿತ ವಿದ್ಯುತ್ ಕೊಡುವೆನೆಂದು ಅವರು ಮಾತು ಕೊಟ್ಟರು. ಅರ್ಥಶಾಸ್ತ್ರಜ್ಞರು ಮೂಗು ಮುರಿದರು. ಆ ಭರವಸೆ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. 294 ಸ್ಥಾನಗಳ ಸಭೆಯಲ್ಲಿ ತೆಲುಗು ದೇಶಂ 180ರಿಂದ 47ಕ್ಕೆ ಇಳಿಯಿತು. ಕಾಂಗ್ರೆಸ್ 185ಕ್ಕೆ ಏರಿತು.

ಇನ್ನು ನಮ್ಮ ಬೆಂಗಳೂರು. ಎಸ್.ಎಂ. ಕೃಷ್ಣ ಅವರ ಸರ್ಕಾರಕ್ಕೂ 2004ರ ಅಕ್ಟೋಬರ್‌ವರೆಗೆ ಅವಧಿ ಇತ್ತು. ಲೋಕಸಭೆಯ ಜೊತೆಗೇ ಮುಗಿಸಿಬಿಡೋಣ ಎಂದು ಫೆಬ್ರುವರಿಯಲ್ಲಿ ವಿಧಾನಸಭೆಯನ್ನು ವಿಸರ್ಜಿಸಲಾಯಿತು. ಸರ್ಕಾರ ಕೆಲಸ ಮಾಡಿರಲಿಲ್ಲ ಎನ್ನುವಂತಿಲ್ಲ. ಪಹಣಿಯನ್ನು ಗಣಕೀಕರಿಸಿದ ‘ಭೂಮಿ’, ಸಹಕಾರಿ ರೈತರಿಗೆ ‘ಯಶಸ್ವಿನಿ’ ಆರೋಗ್ಯ ಯೋಜನೆ, ಶಾಲಾ ಮಕ್ಕಳಿಗೆ ಬಿಸಿಯೂಟ ಎಲ್ಲ ಆ ಕಾಲದವೇ. ಆದರೆ ಸರ್ಕಾರದ ಹೆಸರು ಜೊತೆಯಾಗಿ ಕೇಳಿಬರುತ್ತಿದ್ದದ್ದು ಬೆಂಗಳೂರು, ಐ.ಟಿ. ಮತ್ತು ಸಿಂಗಪುರದೊಡನೆ. ರಾಜ್ಯವೋ ಸತತ ಮೂರು ವರ್ಷ ಬರದಲ್ಲಿ ಬೆಂದಿತ್ತು. ಕಾವೇರಿ ನೀರಿನ ಬಿಕ್ಕಟ್ಟು ಮಂಡ್ಯ ಜಿಲ್ಲೆಯನ್ನು 2002ರಲ್ಲಿ ಅಲುಗಾಡಿಸಿತ್ತು. ಮುಖ್ಯಮಂತ್ರಿ ಸ್ವತಃ ಬೆಂಗಳೂರಿನಿಂದ ಮಂಡ್ಯದವರೆಗೆ ಪಾದಯಾತ್ರೆ ಮಾಡಬೇಕಾಯಿತು. 1999ರಲ್ಲಿ ಮದ್ದೂರಿನಿಂದ ಗೆದ್ದಿದ್ದ ಕೃಷ್ಣ, 2004ರಲ್ಲಿ ಸ್ಪರ್ಧಿಸಿದ್ದು ಬೆಂಗಳೂರಿನ ಚಾಮರಾಜಪೇಟೆಯಿಂದ. ಅಲ್ಲಿ ಅವರು ಗೆದ್ದರು. ಆದರೆ ಮುಖ್ಯಮಂತ್ರಿಯೇ ಊರಿನ ಕ್ಷೇತ್ರ ಬಿಟ್ಟು ರಾಜಧಾನಿಗೆ ಬಂದು ನಿಲ್ಲುತ್ತಾರೆಂದರೆ ವಿಶ್ವಾಸ ಎಲ್ಲಿತ್ತು, ಎಲ್ಲಿರಲಿಲ್ಲ ಎಂಬುದನ್ನು ಆ ಒಂದು ನಾಮಪತ್ರವೇ ಹೇಳುತ್ತಿರಲಿಲ್ಲವೇ?

ಕಾಂಗ್ರೆಸ್ 132ರಿಂದ 65ಕ್ಕೆ ಇಳಿಯಿತು. ಬಿಜೆಪಿ 79, ಜಾತ್ಯತೀತ ಜನತಾದಳ 58. ಇಲ್ಲಿಯೂ ಒಂದು ವಿಚಿತ್ರ ನೋಡಿ. ಮತ ಪ್ರಮಾಣದಲ್ಲಿ ಕಾಂಗ್ರೆಸ್ಸೇ ಮುಂದೆ. ಅದಕ್ಕೆ ಶೇ 35ಕ್ಕೂ ಹೆಚ್ಚು, ಬಿಜೆಪಿಗೆ ಶೇ 28ರ ಚಿಲ್ಲರೆ. ರಾಜ್ಯದ ಎಲ್ಲ ಮೂಲೆಗಳಲ್ಲೂ ಸ್ವಲ್ಪ ಸ್ವಲ್ಪ ಹರಡಿಕೊಂಡ ಮತಕ್ಕಿಂತ, ಕೆಲವು ಜಿಲ್ಲೆಗಳಲ್ಲಿ ಒತ್ತಾಗಿ ಬಿದ್ದ ಮತ ಹೆಚ್ಚು ಸ್ಥಾನ ತರುತ್ತದೆ. ನಮ್ಮ ಚುನಾವಣಾ ಪದ್ಧತಿಯಲ್ಲಿ ಕ್ಷೇತ್ರದಲ್ಲಿ ಮೊದಲು ಬಂದವನು ಗೆದ್ದ. ಎರಡನೆಯವನ ಮತಗಳು ಎಷ್ಟೇ ಇರಲಿ, ವಿಧಾನಸಭೆಯ ಬಾಗಿಲು ಕಾಣುವುದಿಲ್ಲ. ಅದೇ ಚುನಾವಣೆಯಲ್ಲಿ ಸಂತೇಮರಹಳ್ಳಿಯಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ 40,752 ಮತ ಪಡೆದು ಶಾಸಕರಾದರು. ಜನತಾದಳದ ಎ.ಆರ್. ಕೃಷ್ಣಮೂರ್ತಿ 40,751 ಪಡೆದು ಮನೆಗೆ ಹೋದರು. ಸಮೀಕ್ಷೆ ಮಾಡುವವರು ಜನರ ಒಲವನ್ನು ಸರಿಯಾಗಿ ಅಳೆದರೂ ಸ್ಥಾನಗಳ ಲೆಕ್ಕದಲ್ಲಿ ಎಡವುವುದು ಇದಕ್ಕೇ. ಅದರ ಮೇಲೆ, ಕೈಯಲ್ಲಿ ಕಾಗದ ಹಿಡಿದು ಬಂದ ಅಪರಿಚಿತನಿಗೆ ಬಡವನೊಬ್ಬ ತನ್ನ ಮನಸ್ಸನ್ನು ಬಿಚ್ಚಿ ಹೇಳಿಯಾನೆಂದು ನಂಬುವುದೂ ಕಷ್ಟವೇ. ಊರಿನಲ್ಲಿ ಯಾರ ಕೈ ಮೇಲಾಗಿದೆಯೋ ಅವರ ಹೆಸರು ಹೇಳಿ ಕಳಿಸಿಬಿಡುತ್ತಾನೆ.

ಲೋಕಸಭೆಗೆ ಮಾತ್ರ ಕರ್ನಾಟಕ 28ರಲ್ಲಿ 18 ಸ್ಥಾನಗಳನ್ನು ಬಿಜೆಪಿಗೆ ಕೊಟ್ಟಿತು. 1999ರಲ್ಲಿ ಆ 18 ಕಾಂಗ್ರೆಸ್ಸಿನದಾಗಿತ್ತು. ದೇಶದಲ್ಲಿ ಯಾರು ಸೋತರೋ ಅವರು ಇಲ್ಲಿ ಗೆದ್ದರು. ಒಂದೇ ಗಾಳಿ ದೇಶವೆಲ್ಲ ಬೀಸುತ್ತದೆ ಎಂದು ಕುಳಿತಲ್ಲೇ ಹೇಳುವವರು ಈ ಅಂಕಿಯನ್ನು ಒಮ್ಮೆ ನೋಡಬೇಕು.

ಅದೇ ಕೈ, ಎರಡು ತೀರ್ಪು

ಹಾಗಾದರೆ ಅವಧಿಗೆ ಮುನ್ನ ಚುನಾವಣೆಗೆ ಹೋಗುವುದೇ ಅತಿ ವಿಶ್ವಾಸವೇ? ಹಾಗೆನ್ನಲಾಗದು. 1970ರ ಡಿಸೆಂಬರ್‌ನಲ್ಲಿ ಇಂದಿರಾ ಗಾಂಧಿ ಒಂದು ವರ್ಷ ಮೊದಲೇ ಲೋಕಸಭೆಯನ್ನು ವಿಸರ್ಜಿಸಿದರು. ಪಕ್ಷ ಒಡೆದಿತ್ತು, ವಿರೋಧ ಪಕ್ಷಗಳು ಒಂದಾಗಿದ್ದವು. 1971ರಲ್ಲಿ ಅವರಿಗೆ 518ರಲ್ಲಿ 352 ಸ್ಥಾನ ಬಂತು. ಆಗಿನ ಮೈಸೂರು ರಾಜ್ಯದ 27ಕ್ಕೆ 27ನ್ನೂ ಗೆದ್ದರು. ಅದನ್ನು ಎಲ್ಲರೂ ಧೈರ್ಯವೆಂದರು. ಸೋತಿದ್ದರೆ ಅದೇ ಧೈರ್ಯಕ್ಕೆ ಬೇರೆ ಹೆಸರು ಬರುತ್ತಿತ್ತು.

ಬಂದದ್ದು 1977ರಲ್ಲಿ. ತುರ್ತುಪರಿಸ್ಥಿತಿಯಲ್ಲಿ ಲೋಕಸಭೆಯ ಅವಧಿಯನ್ನು ವಿಸ್ತರಿಸಲಾಗಿತ್ತು, ಚುನಾವಣೆಯನ್ನು ಇನ್ನೂ ಮುಂದೂಡಬಹುದಿತ್ತು. ಆದರೂ ಜನವರಿ 18ರಂದು ಇಂದಿರಾ ಚುನಾವಣೆ ಘೋಷಿಸಿದರು. ಏಕೆ ಎಂಬ ಬಗ್ಗೆ ಇಂದಿಗೂ ವಾದವಿದೆ. ಆದರೆ ಒಂದು ಸಂಗತಿ ಸ್ಪಷ್ಟ. ಪತ್ರಿಕೆಗಳಿಗೆ ಸೆನ್ಸಾರ್ ಹಾಕಿ, ಎದುರು ಮಾತನಾಡುವವರನ್ನು ಜೈಲಿಗೆ ತಳ್ಳಿದ ಸರ್ಕಾರ, ತನ್ನ ಕಿವಿಗೆ ತಾನೇ ಹತ್ತಿ ತುರುಕಿಕೊಂಡಿತ್ತು. ಉತ್ತರಪ್ರದೇಶದ 85 ಮತ್ತು ಬಿಹಾರದ 54 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ಒಂದೂ ಸಿಗಲಿಲ್ಲ. ರಾಯಬರೇಲಿಯಲ್ಲಿ ಪ್ರಧಾನಿಯೇ 55 ಸಾವಿರ ಮತಗಳಿಂದ ಸೋತರು. ದೇವರಾಜ ಅರಸರ ಕರ್ನಾಟಕ ಆಗಲೂ 28ರಲ್ಲಿ 26ನ್ನು ಕಾಂಗ್ರೆಸ್ಸಿಗೇ ಕೊಟ್ಟಿತು ಎಂಬುದು, ಇಲ್ಲಿ ಕುಳಿತು ಉತ್ತರದ ಸಿಟ್ಟನ್ನು ಊಹಿಸುವುದು ಎಷ್ಟು ಕಷ್ಟವಾಗಿತ್ತೆಂಬುದನ್ನೂ ತೋರಿಸುತ್ತದೆ.

ಸುದ್ದಿ ತರುವವರನ್ನು ಹೆದರಿಸಿದರೆ ಕೆಟ್ಟ ಸುದ್ದಿ ಬರುವುದು ನಿಲ್ಲುತ್ತದೆ, ಕೆಟ್ಟದ್ದು ನಿಲ್ಲುವುದಿಲ್ಲ. 2004ರಲ್ಲಿ ಯಾರೂ ಯಾರನ್ನೂ ಹೆದರಿಸಿರಲಿಲ್ಲ. ಅಲ್ಲಿ ಒಳ್ಳೆಯ ಸುದ್ದಿಯೇ ಅತಿಯಾಗಿತ್ತು. ಮನೆಯ ಯಜಮಾನನಿಗೆ ಸಿಹಿ ಸುದ್ದಿ ಮಾತ್ರ ಹೇಳುವ ನೆಂಟರಂತೆ, ಗೆಲ್ಲುವ ಪಕ್ಷದ ಸುತ್ತ ಜನ ತಾವಾಗಿಯೇ ಸೇರುತ್ತಾರೆ. ಟಿಕೆಟ್ ಬೇಕಾದವರು, ಗುತ್ತಿಗೆ ಬೇಕಾದವರು, ಸುಮ್ಮನೆ ಪಕ್ಕದಲ್ಲಿ ಕಾಣಿಸಿಕೊಳ್ಳಬೇಕಾದವರು ಎಲ್ಲರೂ. ತಾಲ್ಲೂಕಿನ ಕಾರ್ಯಕರ್ತನೊಬ್ಬ ‘ಈ ಸಲ ಕಷ್ಟ ಇದೆ ಅಣ್ಣಾ’ ಎಂದರೆ ಅವನನ್ನು ಹೇಡಿ ಎನ್ನುತ್ತಾರೆ, ಇಲ್ಲವೇ ಎದುರು ಪಕ್ಷದವನೆನ್ನುತ್ತಾರೆ. ಮುಂದಿನ ಸಲ ಅವನೂ ಸುಮ್ಮನಾಗುತ್ತಾನೆ.

ಇಪ್ಪತ್ತು ವರ್ಷದ ನಂತರ

2024ರ ಫೆಬ್ರುವರಿಯಲ್ಲಿ ಪ್ರಧಾನಿ ನರೇಂದ್ರ ಮೋದಿ ಸಂಸತ್ತಿನಲ್ಲಿಯೇ ಬಿಜೆಪಿಗೆ 370, ಎನ್‌ಡಿಎಗೆ 400 ದಾಟುತ್ತದೆ ಎಂದರು. ಆ ಸಂಖ್ಯೆಯೇ ಘೋಷಣೆಯಾಯಿತು. ಜೂನ್ 1ರ ಸಂಜೆಯ ಮತಗಟ್ಟೆ ಸಮೀಕ್ಷೆಗಳು ಹೆಚ್ಚುಕಡಿಮೆ ಅದೇ ರಾಗ ಹಾಡಿದವು. ಜೂನ್ 3ರಂದು ಷೇರುಪೇಟೆ ಜಿಗಿಯಿತು. ಎಣಿಕೆ ನಡೆದ 4ರಂದು ಸೆನ್ಸೆಕ್ಸ್ ಒಂದೇ ದಿನ 4,000ಕ್ಕೂ ಹೆಚ್ಚು ಅಂಕ ಬಿತ್ತು. ಬಿಜೆಪಿಗೆ 240, ಎನ್‌ಡಿಎಗೆ 293 ಬಂದಿತ್ತು. ಸರ್ಕಾರ ಉಳಿಯಿತು, ಒಂಟಿ ಬಹುಮತ ಹೋಯಿತು. ಇದನ್ನು ಸೋಲೆನ್ನಬೇಕೋ ಗೆಲುವೆನ್ನಬೇಕೋ ಎಂದು ಎರಡೂ ಕಡೆಯವರು ತಮಗೆ ಬೇಕಾದಂತೆ ಹೇಳಿಕೊಂಡರು. ಆದರೆ 400 ಎಂಬ ಸಂಖ್ಯೆ ಎದುರಾಳಿಗಳಿಗೂ ಉಪಯೋಗಕ್ಕೆ ಬಂತು. ಅಷ್ಟು ಸ್ಥಾನ ಯಾಕೆ ಬೇಕು, ಸಂವಿಧಾನ ಬದಲಿಸಲಿಕ್ಕೋ ಎಂದು ಅವರು ಊರೂರಲ್ಲಿ ಕೇಳಿದರು. ಉತ್ತರಪ್ರದೇಶದಲ್ಲಿ ಬಿಜೆಪಿ 62ರಿಂದ 33ಕ್ಕೆ ಇಳಿಯಿತು.

ಈ ರೋಗ ಒಂದೇ ಪಕ್ಷದ್ದು ಎಂದುಕೊಳ್ಳಬೇಕಾಗಿಲ್ಲ. ನಾಲ್ಕೇ ತಿಂಗಳಲ್ಲಿ ಹರಿಯಾಣ ವಿಧಾನಸಭೆಗೆ ಚುನಾವಣೆ ಬಂತು. ಹತ್ತು ವರ್ಷ ಅಧಿಕಾರದಲ್ಲಿದ್ದ ಬಿಜೆಪಿಯ ಮೇಲೆ ರೈತರು, ಪೈಲ್ವಾನರು, ಸೇನೆ ಸೇರಬಯಸುವ ಯುವಕರು ಸಿಟ್ಟಾಗಿದ್ದಾರೆ, ಈ ಸಲ ಕಾಂಗ್ರೆಸ್ಸೇ ಎಂದು ಎಲ್ಲ ಸಮೀಕ್ಷೆಗಳೂ ಹೇಳಿದವು. ಆಮ್ ಆದ್ಮಿ ಪಕ್ಷದೊಡನೆ ಸ್ಥಾನ ಹಂಚಿಕೆಯ ಮಾತುಕತೆ ಮುರಿದುಬಿತ್ತು. ಮುಖ್ಯಮಂತ್ರಿ ಯಾರಾಗಬೇಕು ಎಂಬ ಜಗಳ ಕಾಂಗ್ರೆಸ್ಸಿನೊಳಗೆ ಮತದಾನಕ್ಕೆ ಮೊದಲೇ ಶುರುವಾಗಿತ್ತು. ಅಕ್ಟೋಬರ್ 8ರ ಬೆಳಿಗ್ಗೆ ಮೊದಲ ಸುತ್ತುಗಳಲ್ಲಿ ಕಾಂಗ್ರೆಸ್ ಮುಂದಿತ್ತು. ದೆಹಲಿಯ ಪಕ್ಷದ ಕಚೇರಿಯ ಮುಂದೆ ಡೋಲು ಬಾರಿಸಲಾಯಿತು, ಜಿಲೇಬಿ ಹಂಚಲಾಯಿತು. ಮಧ್ಯಾಹ್ನದ ಊಟದ ಹೊತ್ತಿಗೆ ಡೋಲು ನಿಂತಿತ್ತು. ಎಣಿಕೆ ಮುಗಿದಾಗ ಎರಡು ಪಕ್ಷಗಳ ಮತಗಳ ಅಂತರ ಶೇ 1 ಕೂಡ ಇರಲಿಲ್ಲ. ಸ್ಥಾನಗಳು ಮಾತ್ರ ಬಿಜೆಪಿಗೆ 48, ಕಾಂಗ್ರೆಸ್ಸಿಗೆ 37.